ಬಾಲ ಕತ್ತರಿಸಿದ ಐದು ಮೀನು

ಫೆಬ್ರವರಿ 9, ಸೋಮವಾರ. ಬೆಳಿಗ್ಗೆ 6.30

ಒಂದರಿಂದ ಮೂರನೆಯ ಕೊಳದವರೆಗೆ ಮೇವು ಆಯಿತು. ಮೂರರ ನೀರಿಗೆ ಗಾಳಿ ಊಡುವ ಏರೇಟರ್ ಮತ್ತೆ ಮುದುಕನ ಹಾಗೆ ಕೆಮ್ಮುತ್ತಿದೆ, ಬೆಲ್ಟ್ ನೋಡಬೇಕು. ನಾಲ್ಕಕ್ಕೆ ಹೋದೆ – ಮರಿಗಳು ಮೇಲೆ ಬರಲೇ ಇಲ್ಲ. ದಿನವೂ ಬಕೆಟ್ಟಿನ ಸದ್ದಿಗೇ ಬಾಯಿ ತೆರೆದುಕೊಂಡು ಓಡಿ ಬರುವಂಥವು, ಹಸಿದ ನೆಂಟರ ಹಾಗೆ. ಇವತ್ತು ತೂಬಿನ ಮೂಲೆಯಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಮೇವು ಹಾಗೇ ತೇಲುತ್ತಿತ್ತು.

ದಂಡೆಯ ಹುಲ್ಲಿನಲ್ಲಿ ಮೂರನೆಯ ಕೊಳದ ಒಂದು ದೊಡ್ಡ ಮೀನು, ತಲೆ ಇಲ್ಲ. ಮೈಗೆ ಒಂದು ಗೀರೂ ಇಲ್ಲ. ಬೆಕ್ಕಲ್ಲ. ಮನುಷ್ಯ ಕಳ್ಳನಾಗಿದ್ದರೆ ಮೈ ಒಯ್ದು ತಲೆ ಬಿಡುತ್ತಿದ್ದ. ಇದು ರುಚಿ ಬಲ್ಲ ಕಳ್ಳ. ಹೊಟ್ಟೆ ತುಂಬಿದ ಕಳ್ಳ. ಹಸಿದವನು ಒಂದು ದಿನ ಬರುತ್ತಾನೆ, ರುಚಿ ಕಂಡವನು ದಿನಾ ಬರುತ್ತಾನೆ.

ಫೆಬ್ರವರಿ 10

ಅಕ್ಕನನ್ನು ಕರೆದು ತೋರಿಸಿದೆ. ದಂಡೆ ಗುಡಿಸುವ ಕೆಲಸ ಅವಳದು, ಮೂಲೆ ಮೂಲೆ ಬಲ್ಲಳು. ಕೆಸರಿನಲ್ಲಿ ಹೆಜ್ಜೆ ಇತ್ತು – ಐದು ಬೆರಳು, ನಡುವೆ ಚರ್ಮ ಒತ್ತಿದ ಗುರುತು. ಪೊರಕೆ ಕೆಳಗಿಟ್ಟು ಕೂತೇಬಿಟ್ಟಳು.

"ನೀರುನಾಯಿ ಕಣೋ" ಎಂದಳು, ಸತ್ತವರು ಬಾಗಿಲಿಗೆ ಬಂದು ನಿಂತಂತೆ.

ಹೊಳೆಯಲ್ಲಿ ಅವು ಇದ್ದದ್ದು ನಾನು ಹುಟ್ಟುವ ಮೊದಲು. ಚರ್ಮದ ಆಸೆಗೆ ಹಿಡಿದು ಹಿಡಿದು ಮುಗಿಸಿದರಂತೆ. ನಾನು ಕಂಡದ್ದು ಅಜ್ಜಿಯ ಕಥೆಯಲ್ಲಿ ಮಾತ್ರ. ಅದರಲ್ಲಿ ನೀರುನಾಯಿ ಏಳು ಕೊಳದ ಮೀನು ತಿಂದು, ಮೀಸೆ ಒರೆಸಿಕೊಂಡು, ಎಂಟನೆಯದಕ್ಕೆ ದಾರಿ ಕೇಳುತ್ತದೆ. ಆಗ ಬಿದ್ದು ಬಿದ್ದು ನಕ್ಕಿದ್ದೆ. ಈಗ ನನ್ನ ಕೈಯಲ್ಲಿರುವುದು ಒಟ್ಟು ಆರೇ ಕೊಳ.

ಫೆಬ್ರವರಿ 14, ಶನಿವಾರ. ಸಂಜೆ

ಪಾಲು ಹಂಚಿದೆ. ಶನಿವಾರ ಬಲೆಗೆ ಸಿಕ್ಕಿ ಗಾಯವಾದ ಮೀನು ಕೆಲಸದವರ ಸಾಲುಮನೆಯ ಆರು ಸಂಸಾರಕ್ಕೆ, ಗೇಟಿನ ಅಜ್ಜನಿಗೆ. ಬಾಲದ ತುದಿ ಕತ್ತರಿಸಿಯೇ ಕೊಡಬೇಕು. ಬಾಲ ತುಂಡಾಗಿದ್ದರೆ ಮನೆಯ ಪಾಲು, ಪೂರ್ತಿ ಇದ್ದರೆ ಕದ್ದ ಮಾಲು – ಧಣಿಯ ತಂದೆಯ ಕಾಲದ ಕಟ್ಟಳೆ. ಗೇಟಿನ ಅಜ್ಜ ಕಾವಲುಗಾರ. ಚೀಲ ಬಿಚ್ಚಿಸುವುದಿಲ್ಲ, ಒಳಗೆ ಕೈ ಹಾಕಿ ಬಾಲ ಮುಟ್ಟಿ ನೋಡಿ "ಹೋಗು" ಎನ್ನುತ್ತಾನೆ. ಅವನ ಬೆರಳು ತಪ್ಪಿದ್ದಿಲ್ಲ. ನನ್ನ ಕತ್ತರಿಯೂ ತಪ್ಪಿದ್ದಿಲ್ಲ, ಇಪ್ಪತ್ತೆರಡು ವರ್ಷ.

ಇವತ್ತು ಬೆಳಿಗ್ಗೆ ನೀರುನಾಯಿಗಳನ್ನು ಕಂಡೆ. ಐದು. ಹೊಳೆಯ ಕಡೆಯ ಜೊಂಡಿನಿಂದ ಸಾಲಾಗಿ ಇಳಿದವು. ನೀರು ಸೀಳಿದ ಸದ್ದೂ ಇಲ್ಲ. ಒಂದು ತಲೆ ಎತ್ತಿ ನನ್ನನ್ನೇ ನೋಡಿತು, ಮೀಸೆಯಿಂದ ಹನಿ ಬೀಳುತ್ತಿತ್ತು. ಶಿಳ್ಳೆ ಹೊಡೆಯಿತು. ತೆಳ್ಳಗಿನ ಶಿಳ್ಳೆ, ಹಕ್ಕಿಯದೋ ಎಂಬಂತೆ. ಐದೂ ಮಾಯ. ಚೆಲುವಾಗಿದ್ದವು, ಸುಳ್ಳು ಹೇಳಬಾರದು.

ಫೆಬ್ರವರಿ 17

ಎಣಿಕೆ ಮೇಡಂ ಬಂದರು. ಹೆಸರು ಏನೋ ಇದೆ, ನಮಗೆಲ್ಲ ಎಣಿಕೆ ಮೇಡಂ – ಹೊಳೆಯುದ್ದಕ್ಕೂ ಪ್ರಾಣಿ ಎಣಿಸುವುದೇ ಅವರ ಉದ್ಯೋಗ. ನೀರುನಾಯಿ ಎಂದ ಕೂಡಲೇ ಮದುವೆ ಗೊತ್ತಾದಂತೆ ಮುಖ ಅರಳಿತು. ಕಲ್ಲಿನ ಮೇಲಿನ ಹಿಕ್ಕೆಯನ್ನು ಚಿಮಟದಲ್ಲಿ ಎತ್ತಿ ಡಬ್ಬಿಗೆ ಹಾಕಿಕೊಂಡರು. ಮೂಸಿಯೂ ನೋಡಿದರು. ಮೇಲಿನ ಹೊಳೆಯಲ್ಲಿ ಇವು ಬಂದ ಮೇಲೆ ಸಣ್ಣ ಮೀನು ಹೆಚ್ಚಿದೆ, ಬೆಳ್ಳಕ್ಕಿ ಮತ್ತೆ ಗೂಡು ಕಟ್ಟಿದೆ ಎಂದರು. ಇವು ಹೆಚ್ಚು ತಿನ್ನುವುದು ಏಡಿ, ಮತ್ತೆ ಹೊರಗಿನಿಂದ ಬಂದು ಸೇರಿಕೊಂಡ ಮೀಸೆಮೀನು. ಆ ಮೀಸೆಮೀನೇ ಉಳಿದ ಮರಿಗಳನ್ನೆಲ್ಲ ನುಂಗುವುದಂತೆ. ನಿಮ್ಮ ಕೊಳಕ್ಕೂ ಅದು ನುಗ್ಗಿರಬಹುದು, ನೀರು ಖಾಲಿ ಮಾಡಿ ನೋಡಿ ಎಂದರು.

ನಾನು ನಕ್ಕೆ. ನನ್ನ ಕೊಳದಲ್ಲಿ ಏನಿದೆ ಎಂದು ಹಿಕ್ಕೆ ನೋಡಿ ಹೇಳುತ್ತಾರೆ. ಸುತ್ತ ಬಲೆಬೇಲಿ ಹಾಕಿಸೋಣ, ಒಂದು ತಿಂಗಳು ಕಾಯಿರಿ, ಅಲ್ಲಿಯವರೆಗೆ ಅವುಗಳ ಕೂದಲೂ ಕೊಂಕಬಾರದು, ಕಾನೂನಿದೆ ಎಂದು ಎರಡು ಸಲ ಹೇಳಿದರು. ಎರಡನೆಯ ಸಲ ಕಣ್ಣಲ್ಲಿ ಕಣ್ಣಿಟ್ಟು.

ಫೆಬ್ರವರಿ 19

ನಾಲ್ಕಕ್ಕೆ ಬಲೆ ಎಳೆದು ಎಣಿಸಿದೆವು. ಅಂಗೈ ಉದ್ದದ ಮರಿ ಮುನ್ನೂರು ಬಿಟ್ಟಿದ್ದೆ, ಮುಂದಿನ ತಾಯಿಮೀನು ಆಗಬೇಕಾದವು. ನೂರೆಪ್ಪತ್ತು ಇವೆ.

ಧಣಿ ಬಂದಿದ್ದರು. ಕಾರಿನಿಂದ ಇಳಿಯಲಿಲ್ಲ. ಅರ್ಧಕ್ಕಿಂತ ಕಡಿಮೆಯಾದರೆ ಇಲ್ಲಿಯ ಮೀನುಸಾಕಣೆ ಮುಚ್ಚಿ ಕೆಳಗಿನ ಊರಿಗೆ ಒಯ್ಯುತ್ತಾರಂತೆ. ಮುಚ್ಚಿದರೆ ಸಾಲುಮನೆಯೂ ಖಾಲಿ. ಅಕ್ಕ ಎಲ್ಲಿಗೆ ಹೋಗುತ್ತಾಳೆ? ಗಾಜು ಏರಿಸುವಾಗ ಒಂದು ಮಾತು ಹೇಳಿದರು.

"ಏನಾದ್ರೂ ಮಾಡಪ್ಪ. ಏನ್ ಮಾಡ್ದೆ ಅಂತ ಮಾತ್ರ ನನಗೆ ಹೇಳ್ಬೇಡ."

ಮನೆಗೆ ಬಂದು ಉಂಡೆ. ರುಚಿ ಗೊತ್ತಾಗಲಿಲ್ಲ. ಮನೆಯವಳು ಏನಾಯಿತು ಎಂದಳು. ಬೆಲ್ಟ್ ಹರಿದಿದೆ ಎಂದೆ.

ಫೆಬ್ರವರಿ 21, ಶನಿವಾರ. ಸಂಜೆ 6.45

ಮಾಡಿದೆ.

ಪಾಲು ಹಂಚಿ ಎಲ್ಲರೂ ಹೋದ ಮೇಲೆ ತೊಟ್ಟಿಯಲ್ಲಿ ಐದು ಉಳಿದಿದ್ದವು. ಪಾಲು ಹಂಚುವ ಅದೇ ಮಣೆಯ ಮೇಲೆ, ಅವಸರದಲ್ಲಿ. ವಿಷದ ಪುಡಿಯನ್ನು ಮೀನಿನ ಬಾಯೊಳಗೆ ತುರುಕಿದೆ. ನಾಲ್ಕರ ಹೊಳೆಬದಿಯ ದಂಡೆಗೆ ಐದು ಕಡೆ ಇಟ್ಟು ಬಂದೆ. ಕೈ ಮೂರು ಸಲ ಸೋಪು ಹಾಕಿ ತೊಳೆದೆ. ಮನೆಯವಳಿಗೆ ಹೇಳಿಲ್ಲ. ಈ ಪುಸ್ತಕಕ್ಕೆ ಬಿಟ್ಟರೆ ಯಾರಿಗೂ ಹೇಳಿಲ್ಲ. ಬೆಳಗಾಗುವ ಮೊದಲೇ ಹೋಗಿ ಉಳಿದದ್ದನ್ನು ಹೂಳಬೇಕು.

ಫೆಬ್ರವರಿ 22, ಭಾನುವಾರ. ಬೆಳಿಗ್ಗೆ 7.15

ಬೇಗ ಎಚ್ಚರವಾಗಲಿಲ್ಲ. ಹೋದಾಗ ಆರೂವರೆ, ಬೆಳಕು ಹರಿದಿತ್ತು. ಎರಡು ಇಟ್ಟಲ್ಲೇ ಇದ್ದವು. ಮೂರು ಇಲ್ಲ. ಸತ್ತ ಪ್ರಾಣಿ ಒಂದೂ ಇಲ್ಲ. ಜೊಂಡೆಲ್ಲ ಕೆದಕಿ ನೋಡಿದೆ.

ಎರಡನ್ನೂ ಹೂಳಲು ಗುಂಡಿ ತೋಡಿದೆ. ಕೈಗೆತ್ತಿಕೊಂಡಾಗ ನೋಡಿದೆ – ಬಾಲದ ತುದಿ ಇಲ್ಲ.

ಎರಡಕ್ಕೂ ಇಲ್ಲ. ಒಂದೇ ಅಳತೆ, ಒಂದೇ ಓರೆ. ನನ್ನ ಕತ್ತರಿ.

ಕತ್ತರಿಸಿದ ನೆನಪೇ ಇಲ್ಲ. ಸಂಜೆಯೆಲ್ಲ ಪಾಲಿನ ಮೀನು ಕತ್ತರಿಸಿದ ಕೈ, ಇವನ್ನೂ ಕತ್ತರಿಸಿದೆ. ಮನಸ್ಸು ಒಂದು ಕಡೆ, ಕೈ ತನ್ನ ಪಾಡಿಗೆ. ಬಾಲ ಪೂರ್ತಿ ಇದ್ದಿದ್ದರೆ ಇಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ಹಾದಿಯಲ್ಲಿ ಬಿದ್ದಿದ್ದರೂ ಧಣಿಯದು ಎಂದು ದಾಟಿ ಹೋಗುತ್ತಿದ್ದರು. ಬಾಲ ತುಂಡಾದ ಮೀನು ಎಂದರೆ – ಯಾರ ಬುಟ್ಟಿಯಿಂದಲೋ ಬಿದ್ದದ್ದು, ಎತ್ತಿಕೊಳ್ಳಬಹುದು, ತಿನ್ನಬಹುದು. ಇದು ನಿಮ್ಮದು ಎಂದು ನಾನೇ ರುಜು ಹಾಕಿ ಇಟ್ಟು ಬಂದಿದ್ದೇನೆ.

ಮೂರು ಎಲ್ಲಿ?

9.30

ಸಾಲುಮನೆಯುದ್ದಕ್ಕೂ ಎರಡು ಸಲ ನಡೆದೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗೆ ಪ್ರತಿ ಬಾಗಿಲಲ್ಲೂ ಬೇಡದ ನಗು ನಕ್ಕೆ. ಭಾನುವಾರ. ಆರು ಮನೆಯಲ್ಲೂ ಮೀನಿನ ವಾಸನೆ. ಆರು ಮನೆಯ ಮೀನಿಗೂ ಬಾಲ ಇಲ್ಲ. ಯಾವುದು ನಿನ್ನೆಯ ಪಾಲು, ಯಾವುದು ಅದು? ನೋಡಿದರೆ ದೇವರಿಗೂ ಗೊತ್ತಾಗದು.

ಅಕ್ಕನ ಮನೆಯಲ್ಲಿ ಮೂರು. ಕೊಟ್ಟದ್ದು ಎರಡು. ದಂಡೆ ಗುಡಿಸುವಾಗ ಸಿಕ್ಕಿತಂತೆ. ಉಪ್ಪು ಸವರಿ ಇಟ್ಟಿದ್ದಳು, ಇನ್ನೂ ಸೀಳಿರಲಿಲ್ಲ. ತಟ್ಟೆಯನ್ನೇ ಕಸಿದುಕೊಂಡೆ. ರೋಗದ ಮೀನು ಎಂದೆ. ನಕ್ಕಳು.

"ಐವತ್ತು ವರ್ಷಕ್ಕೆ ಅಕ್ಕನ ತಟ್ಟೆಯಿಂದ ಕದಿಯೋದು ಕಲಿತ್ಯಾ? ಬೇಕಿದ್ರೆ ಕೇಳ್ಬಾರ್ದಾ?"

ಮೂರನ್ನೂ ತಂದು ಹೂತೆ. ವಿಷದ್ದು ಇನ್ನೂ ಎರಡು ಎಲ್ಲೋ ಇವೆ.

11.00

ನಾಲ್ಕನೆಯ ಕೊಳಕ್ಕೆ ರೋಗ ಬಂದಿದೆ, ಮೀನು ಚೆಲ್ಲಿಬಿಡಿ ಎಂದು ಎಲ್ಲರಿಗೂ ಹೇಳಿ ಬಂದೆ. ಯಾರೂ ಚೆಲ್ಲಲಿಲ್ಲ. ಮೂರನೆಯ ಮನೆಯಾಕೆ ಒಲೆಯ ಮುಂದಿನಿಂದ ಏಳದೆ, ಬೇಯಿಸಿದ ಮೇಲೆ ಯಾವ ರೋಗ ಉಳಿಯುತ್ತೆ ಅಣ್ಣ, ಹೋಗಿ ಮಲಗಿ, ನಿಮ್ಮ ಮುಖಕ್ಕೇ ರೋಗ ಬಂದಂಗಿದೆ ಎಂದಳು. ಎಲ್ಲರೂ ನಕ್ಕರು.

ಸರಿಯಾಗಿಯೇ ಹೇಳಿದಳು. ರೋಗ ಬೆಂದರೆ ಸಾಯುತ್ತದೆ. ನಾನು ಹಾಕಿದ್ದು ಬೆಂದರೂ ಸಾಯುವುದಿಲ್ಲ. ಸುಳ್ಳು ಹೇಳಿದರೆ ಉಣ್ಣುತ್ತಾರೆ. ನಿಜ ಹೇಳಿದರೆ ಕೆಲಸ, ಮನೆ, ಕಾನೂನು, ಅಕ್ಕನ ಮುಖ – ಎಲ್ಲ ಒಟ್ಟಿಗೆ. ಇನ್ನೊಂದು ಗಳಿಗೆಯಲ್ಲಿ ಅನ್ನ ಬಡಿಸುತ್ತಾರೆ –

11.50

ಹೇಳಿದೆ. ನಲ್ಲಿಯ ಕಟ್ಟೆಯ ಮೇಲೆ ನಿಂತು. ನೀರುನಾಯಿಗೆಂದು ವಿಷ ಇಟ್ಟೆ, ಬಾಲ ಕತ್ತರಿಸಿಬಿಟ್ಟೆ, ಎರಡು ಸಿಕ್ಕಿಲ್ಲ ಎಂದೆ. ಅಷ್ಟೇ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಬ್ಬೊಬ್ಬರೇ ಪಾತ್ರೆ ತಂದು ನನ್ನ ಕಾಲಬುಡದಲ್ಲಿ ಇಟ್ಟರು. ಮೂರನೆಯ ಮನೆಯಾಕೆ ಮಗುವಿನ ಬಾಯಿಗೆ ಬೆರಳು ಹಾಕಿ ನೋಡುತ್ತಿದ್ದಳು.

ಅಕ್ಕ ಬಾಗಿಲು ಹಾಕಿಕೊಂಡಳು. ಮನೆಯವಳು ಹತ್ತಿರ ಬಂದು ನಿಂತು, ತಗ್ಗಿದ ದನಿಯಲ್ಲಿ, "ಬೆಲ್ಟ್ ಹರೀತು ಅಂದ್ರಲ್ಲ" ಎಂದಳು. ಮತ್ತೆ ಪಾತ್ರೆಯ ಮೀನು ಎಣಿಸಲು ನನ್ನ ಜೊತೆ ಕೂತಳು. ತುಂಡು ಜೋಡಿಸಿ ಜೋಡಿಸಿ ಎಣಿಸಿದೆವು. ಕೊಟ್ಟ ಹನ್ನೆರಡಲ್ಲಿ ಅಕ್ಕನದು ಎರಡು ಆಗಲೇ ಗುಂಡಿಯಲ್ಲಿ. ಉಳಿದದ್ದು ಹತ್ತು. ಹತ್ತೇ ಇವೆ.

ಹಾಗಾದರೆ ಆ ಎರಡು ಇಲ್ಲಿಲ್ಲ.

12.10

ಗೇಟಿನ ಕೋಣೆಗೆ ಬೀಗ. ಅಯ್ಯೋ. ಗೇಟಿನ ಅಜ್ಜ ಭಾನುವಾರ ಬೆಳಗಿನ ಬಸ್ಸಿಗೆ ಮಗಳ ಊರಿಗೆ ಹೋಗುತ್ತಾನೆ. ಹೋಗುವ ಮೊದಲು ದಂಡೆ ಒಂದು ಸುತ್ತು ಹಾಕುತ್ತಾನೆ. ನಿನ್ನೆ ತನ್ನ ಪಾಲು ಬೇಡ ಎಂದಿದ್ದ, ಸಣ್ಣದಿದೆ, ಮೊಮ್ಮಗಳಿಗೆ ಮುಳ್ಳು ಜಾಸ್ತಿಯಾಗುತ್ತೆ ಎಂದು. ನಾನು ದಂಡೆಗಿಟ್ಟ ಐದೂ ದೊಡ್ಡವು.

ಅಜ್ಜನ ಹತ್ತಿರ ಫೋನಿಲ್ಲ. ಮಗಳ ನಂಬರು ಕೋಣೆಯ ಗೋಡೆಯ ಮೇಲೆ ಇದ್ದಿಲಲ್ಲಿ ಬರೆದದ್ದು ಕಿಟಕಿಯಿಂದ ಕಾಣುತ್ತದೆ. ಕೊನೆಯ ಅಂಕಿ ಒಂದೋ ಏಳೋ.

12.30

ಒಂದು – ಯಾರೋ ಬೇರೆಯವರು. ಏಳು – ಗಂಟೆ ಹೊಡೆಯುತ್ತದೆ, ಎತ್ತುವುದಿಲ್ಲ. ಆರು ಸಲ. ಮನೆಯವಳು ಆ ಊರಿನ ಆಸ್ಪತ್ರೆಯ ನಂಬರು ಹುಡುಕುತ್ತಿದ್ದಾಳೆ. ಏಳು ಸಲ. ಎಂಟು.

12.55

ಒಂಬತ್ತನೆಯ ಸಲಕ್ಕೆ ಮೊಮ್ಮಗಳು ಎತ್ತಿದಳು. ನಾಲ್ಕೈದು ವರ್ಷದ ದನಿ. ಅಮ್ಮನಿಗೆ ಕೊಡು ಪುಟ್ಟಿ ಎಂದೆ. ಅಮ್ಮ ಬಡಿಸ್ತಿದಾಳೆ ಎಂದಳು. ಕೂಗು, ಜೋರಾಗಿ ಕೂಗು ಎಂದೆ.

"ನಂದು ಊಟ ಆಯ್ತು" ಎಂದಿತು ಮಗು.

ಏನು ತಿಂದೆ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ತಾಯಿ ಫೋನು ಕಿತ್ತುಕೊಂಡಳು. ನಾನು ಯಾರು ಎಂದೂ ಹೇಳದೆ, ಮೀನಿನಲ್ಲಿ ವಿಷ ಇದೆ ತಾಯಿ, ನಾನೇ ಹಾಕಿದ್ದು, ಆಸ್ಪತ್ರೆಗೆ ಓಡಿ ಎಂದೆ. ಆ ಕಡೆ ಒಂದು ತಟ್ಟೆ ಬಿದ್ದ ಸದ್ದು. "ಅಪ್ಪಾ" ಎಂದು ಕೂಗಿದ್ದು ಕೇಳಿತು. ಕಟ್ಟಾಯಿತು.

ಸಂಜೆ 5

ಫೋನು ಸ್ವಿಚ್ ಆಫ್.

ಫೆಬ್ರವರಿ 24. ಆಸ್ಪತ್ರೆಯ ಮೆಟ್ಟಿಲು

ಮೊನ್ನೆ ಸಂಜೆಯ ಬಸ್ಸಿಗೇ ಇಲ್ಲಿಗೆ ಬಂದೆ. ಮೊಮ್ಮಗಳು ಚೆನ್ನಾಗಿದ್ದಾಳೆ. ತಾಯಿ ಮುಳ್ಳು ಬಿಡಿಸಿ ಕೊಡೋಣ ಎಂದು ಬರೀ ಅನ್ನ ಕೊಟ್ಟು ಕೂರಿಸಿದ್ದಳಂತೆ. ಅಜ್ಜ ಬಸ್ಸಿಳಿದು ಹಸಿದಿದ್ದ. ಎರಡು ತುತ್ತು. ಎರಡೇ ತುತ್ತು. ಒಳಗೆ ಇಟ್ಟಿದ್ದಾರೆ, ಬಿಡುತ್ತಿಲ್ಲ. ಡಾಕ್ಟರು ಪುಡಿಯ ಹೆಸರು ಕೇಳಿದರು, ಪೊಟ್ಟಣವನ್ನೇ ಕೊಟ್ಟೆ. ಅದು ಒಳ್ಳೆಯದಾಯಿತು ಎಂದರು. ಇನ್ನೂ ನಲವತ್ತೆಂಟು ಗಂಟೆ ಕಳೆಯಬೇಕಂತೆ.

ಅಜ್ಜ ತಂದದ್ದು ಒಂದೇ ಮೀನು. ಮಗಳು ಆಣೆ ಮಾಡಿ ಹೇಳಿದಳು. ನನ್ನ ಮುಖ ನೋಡದೆ ಹೇಳಿದಳು.

ಹಾಗಾದರೆ ಐದನೆಯದು?

ಫೆಬ್ರವರಿ 25

ಐದನೆಯದು ಸಿಕ್ಕಿತು. ಎಣಿಕೆ ಮೇಡಂ ಫೋನು ಮಾಡಿದರು. ಕೆಳಗಿನ ಮಡುವಿನ ಹತ್ತಿರ ಒಂದು ನೀರುನಾಯಿ ಸತ್ತು ಬಿದ್ದಿದೆ. ಹೆಣ್ಣು. ಎದೆಯಲ್ಲಿ ಹಾಲಿತ್ತು. ಜೊಂಡಿನೊಳಗಿನಿಂದ ಮರಿಗಳ ಶಿಳ್ಳೆ ಕೇಳುತ್ತಿದೆ, ಎಷ್ಟಿವೆ ತಿಳಿಯುತ್ತಿಲ್ಲ, ದೊಡ್ಡವು ಉಣಿಸುತ್ತವೋ ಇಲ್ಲವೋ ನೋಡಬೇಕು ಎಂದರು.

ನಾನೇ ಎಂದೆ. ಅವರಿಗೆ ಗೊತ್ತಿತ್ತು. ನಾನು ವರದಿ ಬರೆಯಲೇಬೇಕಾಗುತ್ತದೆ, ಶನಿವಾರ ಅರಣ್ಯ ಇಲಾಖೆಯವರು ಬರುತ್ತಾರೆ ಎಂದರು. ಬರೆಯಿರಿ ಎಂದೆ. ಈ ಭಯ ಬೇರೆ ತರಹದ್ದು. ಅಜ್ಜನಿಗಾಗಿ ಪಟ್ಟ ಭಯ ಚಾಕುವಿನ ಹಾಗೆ, ಇದು ಬಾವಿಯ ಹಾಗೆ.

ಫೆಬ್ರವರಿ 26

ಊರಿಗೆ ಬಂದೆ. ವಿಷ ಬಿದ್ದಿರಬಹುದೆಂದು ಮೇಡಂ ನಾಲ್ಕನೆಯ ಕೊಳ ಖಾಲಿ ಮಾಡಿಸಿದರು. ನಾನೇ ತೂಬು ತೆಗೆದೆ. ಮೊಣಕಾಲು ನೀರಾದಾಗ ಕೆಸರು ತಾನೇ ಹೊರಳಿತು. ಮೀಸೆಮೀನು. ಬಲೆ ಎಳೆದಾಗ ಕೆಸರಿನಡಿ ಹೂತುಕೊಂಡಿದ್ದವು, ಒಂದೊಂದು ನನ್ನ ತೋಳಿನಷ್ಟು. ಹನ್ನೊಂದು. ಒಂದನ್ನು ಸೀಳಿದರು – ಹೊಟ್ಟೆಯಲ್ಲಿ ನನ್ನ ಮರಿಗಳು ಮೂರು, ಕಣ್ಣು ಕೂಡ ಕರಗಿರಲಿಲ್ಲ.

ಕಳ್ಳ ಒಳಗೇ ಇದ್ದ. ನೀರುನಾಯಿ ಬಂದದ್ದೇ ಇವನ ವಾಸನೆಗೆ. ಮೇಡಂ ನೋಡಿದ ಎಪ್ಪತ್ತು ಹಿಕ್ಕೆಗಳಲ್ಲಿ ನಮ್ಮ ಮರಿಯ ಮುಳ್ಳು ಸಿಕ್ಕದ್ದು ಎರಡರಲ್ಲಿ ಮಾತ್ರವಂತೆ. ಇನ್ನು ಹದಿನೈದು ದಿನ ಬಿಟ್ಟಿದ್ದರೆ ಅವೇ ಕೊಳ ಶುದ್ಧ ಮಾಡಿ ಹೋಗುತ್ತಿದ್ದವೇನೋ. ಮೇಡಂ ಆ ಮೂರು ಮರಿಗಳನ್ನು ಚಿಮಟದಲ್ಲಿ ಎತ್ತಿ ಡಬ್ಬಿಗೆ ಹಾಕಿಕೊಂಡರು.

ಧಣಿಗೆ ಫೋನು ಮಾಡಿದೆ. ತನಗೇನೂ ಗೊತ್ತಿಲ್ಲ ಎಂದರು. ನಿಜವೇ.

ಫೆಬ್ರವರಿ 27, ಶುಕ್ರವಾರ

ಬೆಳಗಿನ ಬಸ್ಸಿಗೆ ಮತ್ತೆ ಆಸ್ಪತ್ರೆ. ಅಜ್ಜ ಕಣ್ಣು ಬಿಟ್ಟಿದ್ದಾನೆ. ಒಳಗೆ ಬಿಟ್ಟರು, ಐದೇ ನಿಮಿಷ. ಮೂಗಿಗೆ ಕೊಳವೆ, ಕೈ ಮಂಚದ ಸರಳಿಗೆ ಕಟ್ಟಿತ್ತು. ಗೇಟಿನಲ್ಲಿ ಆರಡಿ ಕಾಣುತ್ತಿದ್ದವನು ಹಾಸಿಗೆಯಲ್ಲಿ ಮಗುವಿನಷ್ಟಿದ್ದ. ಬೈಯುತ್ತಾನೆ ಎಂದುಕೊಂಡು ತಲೆ ಕೊಟ್ಟು ನಿಂತೆ. ಬಹಳ ಹೊತ್ತು ಉಸಿರು ಕೂಡಿಸಿಕೊಂಡ.

"ಅದನ್ನ ಯಾರು ಇಟ್ರೋ, ಏನಾಗಿದ್ಯೋ ಅಂತ ಒಂದ್ಸಲ ಅನ್ಸ್ತು ಮಗಾ. ಬಾಲ ಮುಟ್ಟಿ ನೋಡ್ದೆ. ನಿನ್ ಕೈ ಅಂತ ಗೊತ್ತಾಯ್ತು. ಚೀಲಕ್ಕೆ ಹಾಕ್ಕೊಂಡೆ."

ಕಟ್ಟಿದ ಕೈಯ ಬೆರಳು ಅಲುಗಿತು. ಹಿಡಿಯಲೋ ಬೇಡವೋ ತಿಳಿಯಲಿಲ್ಲ. ನರ್ಸ್ ಹೊರಗೆ ಕಳಿಸಿದರು. ಸಂಜೆಯ ಬಸ್ಸಿಗೆ ಮನೆಗೆ ಬಂದೆ.

ಫೆಬ್ರವರಿ 28, ಶನಿವಾರ. ಬೆಳಿಗ್ಗೆ 9

ಮಣೆಯ ಮುಂದೆ ಕೂತಿದ್ದೇನೆ. ಇವತ್ತು ಪಾಲು ಬೆಳಿಗ್ಗೆಯೇ ಎಂದು ಹೇಳಿ ಕಳಿಸಿದ್ದೆ, ಹನ್ನೊಂದಕ್ಕೆ ಅರಣ್ಯದವರು ಬರುತ್ತಾರೆ, ಆಮೇಲೆ ನಾನು ಇಲ್ಲಿರುತ್ತೇನೋ ಇಲ್ಲವೋ. ತೊಟ್ಟಿಯಲ್ಲಿ ಹದಿನಾಲ್ಕು ಮೀನು. ಒಳ್ಳೆಯ ಮೀನು, ಎರಡನೆಯ ಕೊಳದ್ದು. ಬೆಳಿಗ್ಗೆ ಒಂದನ್ನು ನಾನೇ ಬೇಯಿಸಿ, ಮನೆಯವಳ ಕಣ್ಣೆದುರೇ ತಿಂದೆ. ಅವಳೂ ಕೈ ಹಾಕಲು ಬಂದಳು. ಬೇಡ, ಒಂದು ಗಂಟೆ ತಾಳು ಎಂದೆ. ನಿಮ್ಮ ಕೈಗೆ ನೀವೇ ಹೆದರಿದರೆ ಸಾಲುಮನೆಯವರು ಏನು ಮಾಡಬೇಕು ಎಂದಳು.

ಎಂಟೂವರೆಗೆ ಬರಲು ಹೇಳಿದ್ದು. ಯಾರೂ ಬಂದಿಲ್ಲ. ಆರು ಬಾಗಿಲೂ ಇಲ್ಲಿಂದ ಕಾಣುತ್ತವೆ. ಎರಡು ಸಲ ಪರದೆ ಸರಿಯಿತು. ಕತ್ತರಿ ಎತ್ತಿಕೊಂಡೆ, ಇಟ್ಟೆ. ಯಾರೂ ಇಲ್ಲದೆ ಬಾಲ ಕತ್ತರಿಸುವುದು ಹೇಗೆ? ಅವರ ಕಣ್ಣೆದುರೇ ಕತ್ತರಿಸಬೇಕು ಇನ್ನು ಮೇಲೆ.

ಹೊಳೆಯ ಕಡೆ ಶಿಳ್ಳೆ. ಒಂದು. ಸ್ವಲ್ಪ ಬಿಟ್ಟು, ದಪ್ಪ ದನಿಯಲ್ಲಿ, ಇನ್ನೊಂದು. ದೊಡ್ಡದು ಉತ್ತರ ಕೊಟ್ಟಿತೇ? ಮೇಡಂ ಬಂದರೆ ಹೇಳಬೇಕು.

ಮೊದಲನೆಯ ಬಾಗಿಲು ತೆರೆಯಿತು. ಅಕ್ಕ. ಭಾನುವಾರದಿಂದ ಮಾತಿಲ್ಲ. ಈ ಕಡೆಯೇ ಬರುತ್ತಿದ್ದಾಳೆ, ನೆಲ ನೋಡಿಕೊಂಡು. ಬಿಸಿಲು ಕಣ್ಣಿಗೆ ಹೊಡೆಯುತ್ತಿದೆ. ಸೆರಗಿನ ಮರೆಯಲ್ಲಿ ಏನೋ ಇದೆ – ಬುಟ್ಟಿಯೋ, ಮನೆಯ ಬೀಗದ ಕೈಯೋ, ಬರೀ ಕೈಯೋ, ಇಲ್ಲಿಂದ ಕಾಣುತ್ತಿಲ್ಲ.